ಮಗುವಿನ ಹಲ್ಲಿಗೆ ಕ್ಲಿಪ್ ಹಾಕಿಸುವ ಮೊದಲು

ನನ್ನ ಮಗನಿಗೆ 6 ವರ್ಷವಿದ್ದಾಗ ದವಡೆಯ ಒಂದು ಹಾಲುಹಲ್ಲು ಹುಳುಕಾಯಿತು, ಕೀಳಿಸಿದೆವು. ಹಾಲುಹಲ್ಲು ತಾನೇ, ಬೇರೆ ಬರುತ್ತೆ ಅಂತ ಸುಮ್ಮನಾದೆವು. ಕಿತ್ತ ಕ್ಲಿನಿಕ್ಕಿನವರೂ ಏನೂ ಹೇಳಲಿಲ್ಲ. ಆದರೆ ಹಿಂದಿನ ಹಲ್ಲು ಮೆಲ್ಲಗೆ ಆ ಖಾಲಿ ಜಾಗಕ್ಕೆ ವಾಲಿಕೊಂಡು ಬಂತು, ಒಸಡಿನೊಳಗೆ ಕಾಯುತ್ತಿದ್ದ ಹೊಸ ಹಲ್ಲಿಗೆ ಜಾಗವೇ ಉಳಿಯಲಿಲ್ಲ. ಆಗಲೇ ‘ಸ್ಪೇಸ್ ಮೇಂಟೇನರ್’ ಅನ್ನುವ ಸಣ್ಣ ತಂತಿ ಹಾಕಿಸಿದ್ದರೆ ಆ ಜಾಗ ಹಾಗೇ ಉಳಿಯುತ್ತಿತ್ತು. ಅದಕ್ಕೇ ಇಷ್ಟು ಕಾಳಜಿಯಿಂದ ಬರೆಯುತ್ತಿದ್ದೇನೆ.

ಮೊದಲು, 7 ವರ್ಷದ ಹೊತ್ತಿಗೆ ಒಮ್ಮೆ ತೋರಿಸಿ. ತೋರಿಸಿದರೆ ಕ್ಲಿಪ್ ಹಾಕಿಯೇ ಬಿಡುತ್ತಾರೆ ಅಂತಲ್ಲ. ಸಾಮಾನ್ಯವಾಗಿ ಕ್ಲಿಪ್ ಹಾಕುವುದು 11-13ರ ವಯಸ್ಸಿಗೆ. ಆದರೆ ಕೆಳಗಿನ ಹಲ್ಲು ಮೇಲಿನದಕ್ಕಿಂತ ಮುಂದೆ ಕೂರುವುದು, ಬಿಡದ ಬೆರಳು ಚೀಪುವ ಅಭ್ಯಾಸ, ಬಾಯಿಯಲ್ಲೇ ಉಸಿರಾಡುವುದು, ಇವಕ್ಕೆ ಕಾಯಬಾರದು, ದವಡೆ ಬೆಳೆಯುತ್ತಿರುವಾಗಲೇ ತಿದ್ದುವುದು ಸುಲಭ. 8-9 ವರ್ಷದಲ್ಲಿ ಮುಂದಿನ ಎರಡು ಹಲ್ಲಿನ ಮಧ್ಯೆ ಸಂದಿ ಕಂಡರೆ ಗಾಬರಿ ಬೇಡ. ಕೋರೆಹಲ್ಲು ಬಂದ ಮೇಲೆ ಎಷ್ಟೋ ಮಕ್ಕಳಲ್ಲಿ ಅದು ತಾನೇ ಮುಚ್ಚುತ್ತದೆ.

ಯಾರ ಹತ್ತಿರ ಹೋಗುವುದು? ಹುಳುಕಿಗೆ ಬಿಡಿಎಸ್ ಮಾಡಿದ ಹತ್ತಿರದ ಡಾಕ್ಟರೇ ಸಾಕು. ಹಲ್ಲು ಸಾಲು ಮಾಡಿಸಲು ಮಾತ್ರ ಆರ್ಥೋಡಾಂಟಿಕ್ಸ್‌ನಲ್ಲಿ ಎಂಡಿಎಸ್ (ಬಿಡಿಎಸ್ ಆದ ಮೇಲಿನ ಪದವಿ) ಮಾಡಿದವರನ್ನೇ ಹುಡುಕಿ, ಬೋರ್ಡಿನಲ್ಲಿ ಇಲ್ಲದಿದ್ದರೆ ಕೇಳಿ, ಸಂಕೋಚ ಯಾಕೆ? ದುಡ್ಡಿನ ಯೋಚನೆ ಇದ್ದರೆ ಡೆಂಟಲ್ ಕಾಲೇಜು ಒಳ್ಳೆಯ ದಾರಿ. ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜಿದೆ. ಧಾರವಾಡ, ದಾವಣಗೆರೆ, ಮಂಗಳೂರು, ಮೈಸೂರು, ಬೆಳಗಾವಿಯಲ್ಲೂ ಡೆಂಟಲ್ ಕಾಲೇಜುಗಳಿವೆ. ಪಿಜಿ ವಿದ್ಯಾರ್ಥಿಗಳು ಪ್ರೊಫೆಸರ್ ಕಣ್ಗಾವಲಿನಲ್ಲಿ ಮಾಡುತ್ತಾರೆ, ಖರ್ಚು ಕಡಿಮೆ, ಕಾಯುವುದು ಜಾಸ್ತಿ. ಎಲ್ಲೇ ಆಗಲಿ ದೂರ ನೋಡಿಕೊಳ್ಳಿ. 4-6 ವಾರಕ್ಕೊಮ್ಮೆ ತಂತಿ ನೋಡಿಸಬೇಕು, ಒಂದೂವರೆ-ಎರಡು ವರ್ಷ ಶಾಲೆ ಬಿಡಿಸಿ ಓಡಾಡುವವರು ನೀವೇ ಅಲ್ವಾ.

ಶುರುವಿನಲ್ಲಿ ಎಕ್ಸ್‌ರೇ, ಫೋಟೋ, ಹಲ್ಲಿನ ಅಚ್ಚು ತೆಗೆಯುತ್ತಾರೆ. ಅಚ್ಚಿನ ಪೇಸ್ಟ್ ಬಾಯಿಗಿಟ್ಟಾಗ ಮಕ್ಕಳಿಗೆ ಓಕರಿಕೆ ಬರುತ್ತದೆ. ಮೂಗಿನಲ್ಲಿ ಉಸಿರಾಡು ಅಂತ ಮೊದಲೇ ಹೇಳಿಕೊಡಿ. ಹಲ್ಲು ಕೀಳಬೇಕಾ, ಯಾಕೆ, ಒಟ್ಟು ಎಷ್ಟಾಗುತ್ತೆ, ಅದರಲ್ಲಿ ರಿಟೇನರ್ (ಕ್ಲಿಪ್ ತೆಗೆದ ಮೇಲೆ ಹಲ್ಲು ಸರಿಯದಂತೆ ಹಾಕಿಕೊಳ್ಳುವ ಸಾಧನ) ಸೇರಿದೆಯಾ, ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಚಿಕ್ಕ ತುಂಡು) ಬಿದ್ದರೆ ಮತ್ತೆ ದುಡ್ಡಾ, ಎಲ್ಲ ಕೇಳಿ ಬರೆಸಿಕೊಳ್ಳಿ.

ಕ್ಲಿಪ್ ಹಾಕಿದ ಮೊದಲ ಮೂರ್ನಾಲ್ಕು ದಿನ ಹಲ್ಲು ನೋಯುತ್ತದೆ. ಮೆತ್ತಗಿನ ಅನ್ನ-ಸಾರು, ಮೊಸರನ್ನ, ನೆನೆದ ಇಡ್ಲಿ ಕೊಡಿ. ತಂತಿ ಕೆನ್ನೆಗೆ ಚುಚ್ಚಿದರೆ ಡಾಕ್ಟರ್ ಕೊಡುವ ಮೇಣವನ್ನು ಬಟಾಣಿ ಕಾಳಿನಷ್ಟು ಉಂಡೆ ಮಾಡಿ ಆ ತುದಿಗೆ ಒತ್ತಿ. ಚಕ್ಕುಲಿ, ನಿಪ್ಪಟ್ಟು, ಕಬ್ಬು, ಚಿಕ್ಕಿ ಬೇಡವೇ ಬೇಡ. ಸೀಬೆಹಣ್ಣನ್ನು ಕಚ್ಚಲು ಬಿಡದೆ ಸಣ್ಣಗೆ ಹೆಚ್ಚಿ ಕೊಡಿ. ರಾತ್ರಿ ಬ್ರಶ್ ಮಾಡಿದ ಮೇಲೂ ಟಾರ್ಚ್ ಬಿಟ್ಟು ನೋಡಿ, ತಂತಿಯ ಹಿಂದೆ ಕಾಯಿತುರಿ, ಸೊಪ್ಪಿನ ಎಳೆ ಸಿಕ್ಕಿಕೊಂಡೇ ಇರುತ್ತದೆ. ಅದು ಅಲ್ಲೇ ಉಳಿದರೆ ಕ್ಲಿಪ್ ತೆಗೆದ ದಿನ ಹಲ್ಲಿನ ಮೇಲೆ ಬಿಳಿ ಕಲೆ ಕಾಣುತ್ತದೆ.

ಕ್ಲಿಪ್ ತೆಗೆದಾಗ ಮುಗಿಯಿತು ಅಂತ ಬಿಡಬೇಡಿ. ರಿಟೇನರ್ ಹಾಕದಿದ್ದರೆ ಹಲ್ಲು ಹಳೇ ಜಾಗಕ್ಕೇ ಹೊರಡುತ್ತದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತ ಮಕ್ಕಳು ಅದನ್ನು ತೆಗೆದು ಎಲೆಯ ಪಕ್ಕ ಇಡುತ್ತಾರೆ, ಎಲೆ ಎತ್ತುವಾಗ ಅದೂ ಹೋಗುತ್ತದೆ. ಅದರ ಡಬ್ಬಿ ನಿಮ್ಮ ಬ್ಯಾಗಿನಲ್ಲಿರಲಿ.