ಹಳೆಯ ಮಿಯಾಟಾಗೆ ದೊಡ್ಡ ಬ್ರೇಕು: ನನ್ನ ಅನುಭವ

1.6 ಲೀಟರ್ ಎಂಜಿನ್ನಿನ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5ಗೆ, ಅಂದರೆ ಅಮೆರಿಕದವರ ಮಿಯಾಟಾಗೆ, ಮುಂದಿನ ಡಿಸ್ಕಿನ (ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆಯ) ವ್ಯಾಸ 235 ಮಿ.ಮೀ., ಹಿಂದಿನದು 231. 1994ರ ಮಾದರಿಯಲ್ಲಿ 1.8 ಎಂಜಿನ್ ಬಂದಾಗ ಕಂಪನಿ ಇವನ್ನು ಸುಮಾರು 255 ಮತ್ತು 251ಕ್ಕೆ ಏರಿಸಿತು. ಪ್ಯಾಡ್ ಎಂಬ ಘರ್ಷಣೆಯ ಬಿಲ್ಲೆಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಮಾತ್ರ ಅದೇ ಉಳಿಯಿತು. ಬದಲಾದದ್ದು ಅದನ್ನು ಹಿಡಿದಿಡುವ ಬ್ರ್ಯಾಕೆಟ್. ಹಾಗಾಗಿ ನಾನು ದೊಡ್ಡ ಬ್ರೇಕಿನ ದುಬಾರಿ ಕಿಟ್ ಬಿಟ್ಟು ಇದೇ ದಾರಿ ಹಿಡಿದೆ: ಗುಜರಿಯಿಂದ ನಾಲ್ಕು ಬ್ರ್ಯಾಕೆಟ್, ಹೊಸ ನಾಲ್ಕು ಡಿಸ್ಕ್, 1.8ರ ಅಳತೆಯ ಪ್ಯಾಡ್, ಒಂದು ಲೀಟರ್ ಡಾಟ್ 4 ದರ್ಜೆಯ ಬ್ರೇಕ್ ದ್ರವ. 14 ಇಂಚಿನ ಮೂಲ ಚಕ್ರಗಳೇ ಸಾಕು. 2001ರಿಂದ ಬಂದ ಸ್ಪೋರ್ಟ್ ಬ್ರೇಕಿನ 270 ಮಿ.ಮೀ. ಡಿಸ್ಕ್ ಬೇಕೆಂದರೆ ಮಾತ್ರ 15 ಇಂಚಿಗೆ ಹೋಗಬೇಕು.

ಗುಜರಿಯಲ್ಲಿ ಗಾಡಿಯ ವರ್ಷ ನೋಡಿ ಬ್ರ್ಯಾಕೆಟ್ ಆರಿಸಿದರೆ ಮೋಸ ಹೋಗುತ್ತೀರಿ. ಯುರೋಪಿನಲ್ಲಿ ಎರಡನೇ ತಲೆಮಾರಿನಲ್ಲೂ 1.6 ಎಂಜಿನ್ ಇತ್ತು, ಸ್ಪೋರ್ಟ್ ಬ್ರೇಕಿನ ಬ್ರ್ಯಾಕೆಟ್ ಬೇರೆಯೇ. ಬ್ರ್ಯಾಕೆಟ್ ಬಿಚ್ಚುವ ಮೊದಲು ಅದೇ ಗಾಡಿಯ ಡಿಸ್ಕಿಗೆ ಟೇಪು ಹಿಡಿಯಿರಿ.

ಇದರಿಂದ ಏನು ಸಿಗುತ್ತದೆ ಅನ್ನುವುದರಲ್ಲಿ ಭ್ರಮೆ ಬೇಡ. ಒಂದು ಸಲ ಗಟ್ಟಿಯಾಗಿ ತುಳಿದಾಗ ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಟೈರು. ಹಳೆಯ ಸಣ್ಣ ಬ್ರೇಕೂ ಚಕ್ರ ಲಾಕ್ ಮಾಡುತ್ತಿತ್ತು. ಲಾಭವಿರುವುದು ಶಾಖದಲ್ಲಿ. ಚಾಲಕ ಸೇರಿ 1,050 ಕೆ.ಜಿ. ಗಾಡಿಯನ್ನು ಗಂಟೆಗೆ 100 ಕಿ.ಮೀ.ಯಿಂದ ನಿಲ್ಲಿಸಿದರೆ ಸುಮಾರು 405 ಕಿಲೋಜೂಲ್. ಮುಂದಿನ ಚಕ್ರಗಳ ಪಾಲು ಶೇ. 65 ಎಂದು ಹಿಡಿದರೆ ಒಂದೊಂದು ಮುಂದಿನ ಡಿಸ್ಕಿಗೆ 130 ಕಿಲೋಜೂಲ್ ಚಿಲ್ಲರೆ. ಡಿಸ್ಕಿನ ತೂಕ ನಾಲ್ಕು ಕೆ.ಜಿ. ಎಂದಿಟ್ಟುಕೊಳ್ಳಿ, ಒಂದೇ ನಿಲುಗಡೆಗೆ 70 ಡಿಗ್ರಿ ಏರುತ್ತದೆ. ಆರುವ ಮೊದಲೇ ಮತ್ತೆ ಮತ್ತೆ ತುಳಿದರೆ ಲೆಕ್ಕ ನೀವೇ ಮಾಡಿ. ದೊಡ್ಡ ಡಿಸ್ಕಿನಲ್ಲಿ ಕಬ್ಬಿಣ ಹೆಚ್ಚು, ಗಾಳಿಗೆ ಒಡ್ಡಿಕೊಳ್ಳುವ ಮೈಯೂ ಹೆಚ್ಚು. ಜೊತೆಗೆ ಅದೇ ಕಾಲೊತ್ತಿಗೆ ಸುಮಾರು ಶೇ. 8ರಷ್ಟು ಹೆಚ್ಚು ಹಿಡಿತ.

ಮುಂದಿನ ಜೋಡಿ ಸುಲಭ. ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ನೇತುಹಾಕಿ, ಹೋಸ್ ಮೇಲೆ ಜೋತಾಡಲು ಬಿಡಬೇಡಿ. ಹಳೆಯ ಡಿಸ್ಕ್ ತುಕ್ಕು ಹಿಡಿದು ಚಕ್ರ ಕೂರುವ ಹಬ್ಬಿಗೆ (ಹಬ್) ಅಂಟಿಕೊಂಡಿದ್ದರೆ ಎಣ್ಣೆ ಸಿಂಪಡಿಸಿ, ಸ್ಟಡ್‌ಗಳ ನಡುವೆ ಸುತ್ತಿಗೆಯಲ್ಲಿ ಬಡಿಯಿರಿ. ಹೊಸದನ್ನು ಕೂರಿಸುವ ಮೊದಲು ಹಬ್ಬಿನ ಮುಖವನ್ನು ವೈರ್ ಬ್ರಷ್‌ನಿಂದ ಹೊಳೆಯುವಂತೆ ಉಜ್ಜಿ. ಅಲ್ಲಿ ಉಳಿದ ತುಕ್ಕಿನ ಚೂರೊಂದು ಡಿಸ್ಕನ್ನು ಓರೆಯಾಗಿಸುತ್ತದೆ, ಆಮೇಲೆ ಪೆಡಲ್ ನಡುಗಿದಾಗ ಜನ ಡಿಸ್ಕನ್ನು ಬೈಯುತ್ತಾರೆ. ಡಿಸ್ಕಿನ ಹಿಂದಿರುವ ತಗಡಿನ ಧೂಳುತಡೆ 1.6ರ ಅಳತೆಯದು, ದೊಡ್ಡ ಡಿಸ್ಕಿಗೆ ಅದರ ಅಂಚು ತಾಗುತ್ತದೆ, ಇಕ್ಕಳದಿಂದ ಬಗ್ಗಿಸಿದೆ. ಕ್ಯಾಲಿಪರಿನೊಳಗೆ ಪ್ಯಾಡ್ ತಳ್ಳುವ ಪಿಸ್ಟನ್ನನ್ನು ಸಿ-ಕ್ಲ್ಯಾಂಪ್‌ನಿಂದ ಒಳಗೆ ತಳ್ಳಬಹುದು. ಜಾರುವ ಪಿನ್ನುಗಳಿಗೆ ಸಿಲಿಕೋನ್ ಬ್ರೇಕ್ ಗ್ರೀಸ್ ಮಾತ್ರ. ಪೆಟ್ರೋಲಿಯಂ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಬ್ರ್ಯಾಕೆಟ್ ಬೋಲ್ಟುಗಳಿಗೆ 49ರಿಂದ 69 ನ್ಯೂಟನ್ ಮೀಟರ್.

ಹೆಚ್ಚಿನವರು ಎಡವುವುದು ಹಿಂದಿನ ಕ್ಯಾಲಿಪರಿನಲ್ಲಿ. ಅದೇ ಕ್ಲ್ಯಾಂಪ್ ಇಲ್ಲಿ ಹಾಕಿ ಒತ್ತಿದರೆ ಪಿಸ್ಟನ್ ಜಗ್ಗುವುದಿಲ್ಲ, ಹಟ ಹಿಡಿದರೆ ಒಳಗಿನ ಹ್ಯಾಂಡ್‌ಬ್ರೇಕ್ ಯಂತ್ರವೇ ಹಾಳು. ಕ್ಯಾಲಿಪರ್ ಹಿಂಬದಿಯಲ್ಲಿ 14 ಮಿ.ಮೀ. ತಲೆಯ ಬೋಲ್ಟೊಂದಿದೆ. ಅದು ಬರೀ ಮುಚ್ಚಳ. ತೆಗೆದರೆ ಒಳಗೆ 4 ಮಿ.ಮೀ. ಅಲೆನ್ ಕೀ ಕೂರುವ ಸ್ಕ್ರೂ. ಮೊದಲು ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲಿಸಿ, ಸ್ಕ್ರೂವನ್ನು ಎಡಕ್ಕೆ ತಿರುಗಿಸಿದರೆ ಪಿಸ್ಟನ್ ಹಿಂದೆ ಸರಿಯುತ್ತದೆ. ಪ್ಯಾಡ್ ಕೂರಿಸಿದ ಮೇಲೆ ಡಿಸ್ಕ್ ಬಿಗಿಯುವ ತನಕ ಬಲಕ್ಕೆ, ಅಲ್ಲಿಂದ ಮೂರನೇ ಒಂದು ಸುತ್ತು ವಾಪಸ್. ಇದನ್ನು ಮಾಡದೆ ಮುಚ್ಚಿದರೆ ಪೆಡಲ್ ಆಳಕ್ಕೆ ಹೋಗುತ್ತದೆ, ಗಾಳಿ ಸೇರಿದೆಯೆಂದು ಭಾವಿಸಿ ಬಾಟಲಿಗಟ್ಟಲೆ ದ್ರವ ಸುರಿಯುವುದೇ ಆಗುತ್ತದೆ. ಕೇಬಲನ್ನು ಕೊನೆಗೆ, ಲಿವರ್ ಐದರಿಂದ ಏಳು ಹಲ್ಲಿಗೆ ಹಿಡಿಯುವಂತೆ ಬಿಗಿಯಿರಿ. ನಾಲ್ಕೂ ಕಡೆ ಒಟ್ಟಿಗೆ ಬದಲಿಸುವುದು ಒಳ್ಳೆಯದು; ಮುಂದಷ್ಟೇ ದೊಡ್ಡದು ಮಾಡಿದರೆ ಹಿಡಿತದ ಸಮತೋಲ ಮುಂದಕ್ಕೆ ವಾಲಿ ಹಿಂದಿನ ಬ್ರೇಕು ಸೋಮಾರಿಯಾಗುತ್ತದೆ.

ದ್ರವದ ಬಗ್ಗೆ ಎರಡು ಮಾತು. ಡಾಟ್ 4ರ ಕನಿಷ್ಠ ಕುದಿಬಿಂದು ಹೊಸದಿದ್ದಾಗ 230 ಡಿಗ್ರಿ, ತೇವ ಹೀರಿದ ಮೇಲೆ 155. ಬ್ರೇಕು ಕಾದಾಗ ಪೆಡಲ್ ಸ್ಪಂಜಿನಂತಾಗುವುದಕ್ಕೆ ಹಳೆಯ ದ್ರವದ ತೇವವೇ ಸಾಮಾನ್ಯ ಕಾರಣ, ಅದಕ್ಕೆ ಡಿಸ್ಕಿನ ಅಳತೆ ಔಷಧಿಯಲ್ಲ. ಸಿಲಿಕೋನ್ ಆಧಾರದ ಡಾಟ್ 5 ಹಾಕಬೇಡಿ, ಉಳಿದವುಗಳ ಜೊತೆ ಬೆರೆಸಲಾಗದು. ಪೆಡಲ್ ತುಳಿದಾಗ ದ್ರವವನ್ನು ಒತ್ತುವ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರುಮಾಡಿ ಬ್ಲೀಡ್ ಮಾಡಿ, ಅಂದರೆ ಹಳೆಯ ದ್ರವ ಮತ್ತು ಗಾಳಿ ಹೊರಹಾಕಿ. ಪೆಡಲ್ ಕೆಳಗೆ ಮರದ ತುಂಡೊಂದನ್ನು ಇಡಿ: ಮೂವತ್ತು ವರ್ಷದ ಸಿಲಿಂಡರಿನ ತುದಿಯಲ್ಲಿ ತುಕ್ಕಿರುತ್ತದೆ, ಪೆಡಲ್ ತಳಕ್ಕೆ ತಾಗಿಸಿದರೆ ಸೀಲು ಅದರ ಮೇಲೆ ಉಜ್ಜಿ ಹರಿಯುತ್ತದೆ.

ರಸ್ತೆಗೂ ಓಡಿಸುವ ಗಾಡಿಗೆ ಪೂರ್ತಿ ರೇಸ್ ಪ್ಯಾಡ್ ಬೇಡ, ತಣ್ಣಗಿದ್ದಾಗ ಹಿಡಿಯುವುದಿಲ್ಲ. ಹೊಸ ಪ್ಯಾಡನ್ನು ಪಳಗಿಸಲು ಖಾಲಿ ರಸ್ತೆಯಲ್ಲಿ 90ರಿಂದ 20ಕ್ಕೆ ಎಂಟು ಹತ್ತು ಸಲ, ಪೂರ್ತಿ ನಿಲ್ಲಿಸದೆ. ಬಿಸಿಯಾದ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ನಿಂತರೆ ಅದರ ಪದರ ಒಂದೇ ಕಡೆ ಅಂಟುತ್ತದೆ. ನಂತರ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ಆರಿಸಿ.

ಚಕ್ರದ ನಟ್‌ಗಳಿಗೆ 88ರಿಂದ 118 ನ್ಯೂಟನ್ ಮೀಟರ್. ಮೊದಲ ಓಟದ ನಂತರ ಮತ್ತೊಮ್ಮೆ ನೋಡಿ. ಆಗಲೇ ಹಿಂದಿನ ಎರಡು ಚಕ್ರಗಳ ಬಳಿ ಕೈ ಚಾಚಿ, ಮುಟ್ಟಬೇಡಿ. ಒಂದು ಇನ್ನೊಂದಕ್ಕಿಂತ ಹೆಚ್ಚು ಕಾದಿದ್ದರೆ ಆ ಕಡೆಯ ಅಲೆನ್ ಸ್ಕ್ರೂ ಬಿಗಿಯಾಗಿದೆ, ಮತ್ತೆ ಮುಚ್ಚಳ ತೆಗೆದು ಕಾಲು ಸುತ್ತು ಸಡಿಲಿಸಿ.