ಚಾರ್ಮಿನಾರ್ ಬಾಗಿಲಾಗಿನ ಗಿಡ್ಡ ಐನ್: ನನ್ನ ಅನುಭವ

ಹೈದರಾಬಾದ್ ನಿಜಾಮನ ಬೆಳ್ಳಿ ರೂಪಾಯಿ ಯಾರು ನೋಡಿಲ್ಲ ಹೇಳ್ರಿ, ನಮ್ಮ ಕಲಬುರಗಿ ಕಡೆ ಹಳೇ ಮನಿ ಟ್ರಂಕ್ ತೆಗದ್ರ ಒಂದೆರಡು ಸಿಕ್ಕೇ ಸಿಗ್ತಾವ. ಅದಕ್ಕೇ ನಾಣ್ಯ ಕೂಡಿಸೋ ದೊಡ್ಡ ಕಲೆಕ್ಟರ್ ಮಂದಿ ಅದನ್ನ ಲೆಕ್ಕಕ್ಕ ಹಿಡಿಯಲ್ಲ. ಮೂರ್ನಾಲ್ಕು ವರ್ಷದ ಹಿಂದ ನಾ ಅವನ್ನೇ ಹಿಡ್ಕೊಂಡು, ಮ್ಯಾಲಿನ ಚಾರ್ಮಿನಾರ್ ಚಿತ್ರದ ಬಾಗಿಲಾಗಿನ ಉರ್ದು ಅಕ್ಷರ ನೋಡ್ಕೋತ ಕುಂತಾಗ ಸರಾಫ್ ಬಜಾರದಾಗ "ಬಾಗಿಲ ನೋಡೋ ಸಾಹೇಬ ಬಂದ್ರು" ಅಂತ ನಗ್ತಿದ್ರು. ಈಗ ಅವರೇ ಫೋನ್ ಮಾಡಿ "ಕಾಕಾ, ಲಾಟ್ ಬಂದದ, ಕರಗಿಸೋಕಿಂತ ಮೊದ್ಲ ಒಂದ್ ಸಲ ಬಾಗಿಲ ನೋಡಿ ಹೋಗ್ರಿ" ಅಂತಾರ, ಅದಕ್ಕೇ ಬರಿಲತ್ತೀನಿ.

ನಿಜಾಮ ಮೆಹಬೂಬ್ ಅಲಿ ಖಾನ್ ಕಾಲದ ಚಾರ್ಮಿನಾರ್ ಬಾಗಿಲಾಗ ಮೀಮ್, ಆಮ್ಯಾಲ ಉಸ್ಮಾನ್ ಅಲಿ ಖಾನ್ ಬಂದ ಮ್ಯಾಲ ಐನ್, ಅವರವರ ಹೆಸರಿನ ಮೊದಲಕ್ಷರ. ತಕರಾರು ಇರೋದು ಐನ್‌ದಾಗ. ಶುರುವಿನ ಹಿಜರಿ (ಮುಸ್ಲಿಂ ಪಂಚಾಂಗದ ವರ್ಷ) 1329, 1330ರಾಗ ಗಿಡ್ಡ ಐನ್, ಅಂದ್ರ ಅಕ್ಷರದ ತಲಿ ಅಷ್ಟೇ, ಆಮ್ಯಾಲಿಂದು ಬಾಲ ಸಹಿತ ಪೂರ್ತಿ ಐನ್, 1330ರಾಗಂತೂ ಎರಡೂ ಅದಾವ. ಗಿಡ್ಡದ್ದು ಕಮ್ಮಿ ಸಿಗ್ತದ, ಅದಕ್ಕೇ ಅದನ್ನ ಹುಡಕೋದು. ಮೆಹಬೂಬ್ ಅಲಿ ತೀರ್ಕೊಂಡಿದ್ದು 1911, ಅಂದ್ರ ಅದೇ ಹಿಜರಿ 1329, ಹಿಂಗಾಗಿ 1329 ಅಂತ ಇದ್ದ ರೂಪಾಯಿದಾಗ ಮೀಮೂ ಇರಬಹುದು ಐನೂ ಇರಬಹುದು. ಬರೀ ಇಸ್ವಿ ನೋಡಿ ಆರಿಸೋರು ಇಲ್ಲೇ ಎಡವ್ತಾರ. ಮಂದಿ ಇಸ್ವಿ ನೋಡ್ತಾರ, ಮೀನಾರ ನೋಡ್ತಾರ, ಬಾಗಿಲ ಯಾರೂ ನೋಡಲ್ಲ. ನಾ ಬಾಗಿಲ ಅಷ್ಟೇ ನೋಡ್ತೀನಿ.

ಮೊದ್ಲ ಸೋತಿದ್ದು ಹೇಳ್ತೀನಿ. ಮೊದಲನೇ ಲಾಟ್ 23 ರೂಪಾಯಿ, ಬೆಳ್ಳಿ ಗ್ರಾಂಗೆ 70ರ ಆಜುಬಾಜು ಇತ್ತು, ಎಲ್ಲಾ ಸೇರಿ ಹದಿನಾರು ಸಾವಿರ ಕೊಟ್ಟಿರಬೇಕು. ಒಂದೊಂದು ತೂಕ 11 ಗ್ರಾಂ ಚಿಲ್ಲರಿ, ಅದ್ರಾಗ ನೂರಕ್ಕ 82ರಷ್ಟು ಬೆಳ್ಳಿ ಅಂತ ಲೆಕ್ಕ ಹಾಕಿ ಖುಷಿಲೆ ಮನಿಗಿ ಬಂದೆ. ನೋಡ್ತೀನಿ, 9 ರೂಪಾಯಿ ಎರಡನೇ ಮಹಾಯುದ್ಧದ ಕಾಲದ್ವು, ಹಿಜರಿ 1361ರಿಂದ ಈಚಿನ್ವು, ಅವ್ರಾಗ ಬೆಳ್ಳಿ ಅರ್ಧಕ್ಕರ್ಧ ಅಷ್ಟೇ. ತೂಕ ಮಾತ್ರ ಹಳೇದ್ರಷ್ಟೇ, ಹಿಂಗಾಗಿ ತಕ್ಕಡಿ ಏನೂ ಹೇಳಲ್ಲ. ಎರಡು ಸಾವಿರದ ಮ್ಯಾಲ ನೀರಾಗ ಹೋಯ್ತು. ಕೊಟ್ಟವಗ ಗೊತ್ತಿತ್ತು, ನನಗ ಗೊತ್ತಿರಲಿಲ್ಲ, ಅಷ್ಟೇ ಫರಕ್.

ಆಮ್ಯಾಲ ವಿಭೂತಿ ಕಥಿ. ನಮ್ಮ ಮನ್ಯಾಕಿ ದೇವರ ಬೆಳ್ಳಿ ಸಾಮಾನು ವಿಭೂತಿಲೆ ತಿಕ್ತಾಳ, ಥಳಥಳ ಹೊಳಿತಾವ, ನಾನೂ ಹಂಗೇ ಆರು ರೂಪಾಯಿ ತಿಕ್ಕಿ ಕನ್ನಡಿ ಮಾಡ್ದೆ. ಹೈದರಾಬಾದದಾಗ ಒಬ್ಬ ಹಿರಿಯ ಕಲೆಕ್ಟರಿಗಿ ತೋರಿಸಿದ್ರ ಭೂತಗನ್ನಡಿ ಇಟ್ಟು ಅರ್ಧ ನಿಮಿಷ ನೋಡಿ ವಾಪಸ್ ನನ್ನ ಅಂಗೈಯಾಗ ಇಟ್ರು, ಮಾತಾಡ್ಲಿಲ್ಲ. ಮ್ಯಾಲೆಲ್ಲಾ ಕೂದಲದಂಥ ಗೆರಿ. ಅದ್ರಾಗ ಒಂದು ಗಿಡ್ಡ ಐನ್ ಬ್ಯಾರೆ ಇತ್ತು! ಕರ್ರಗಿದ್ರ ಕರ್ರಗೇ ಇರ್ಲಿ, ಆ ಕರಿ ಬಣ್ಣಕ್ಕೇ ರೊಕ್ಕ ಕೊಡ್ತಾರ.

ಇನ್ನೊಂದು ಸಲ ಜಾತ್ರಿದಾಗ ಹನುಮಪ್ಪ, ಓಂ ಇದ್ದ "ಈಸ್ಟ್ ಇಂಡಿಯಾ ಕಂಪನಿ 1818" ಅಂತ ಬರದಿದ್ದ ತಾಮ್ರದ ಬಿಲ್ಲಿ 1,200 ಕೊಟ್ಟು ತಗೊಂಡೆ, ನಗಬ್ಯಾಡ್ರಿ. ಕಂಪನಿ ಹನುಮಪ್ಪನ ಹಾಕಿ ಅರ್ಧಾಣೆ ಹೊಡದಿಲ್ಲ, ಅವೆಲ್ಲಾ ಈಚಿಗಿ ಮಾಡಿದ ಬಿಲ್ಲಿ. ದೇವರ ಚಿತ್ರ ಇದ್ದದ್ದೆಲ್ಲಾ ಹಳೇದಲ್ಲ, ವೈಷ್ಣೋದೇವಿ ನಾಣ್ಯ ಲಕ್ಷಕ್ಕ ಹೋಗ್ತದ ಅನ್ನೋದೂ ಇದೇ ಜಾತಿ ಸುಳ್ಳು.

ಈಗ ಕೆಲಸದ ಮಾತು. ನಾ ಇರೋದು ದಾಲ್ ಮಿಲ್‌ದಾಗ, ಲೆಕ್ಕ ಬರೀತೀನಿ. ತೊಗರಿಬ್ಯಾಳಿ ಸ್ಯಾಂಪಲ್ ನೋಡೋ ಕರೀ ತಾಟು ಅದ ನೋಡ್ರಿ, ಅದೇ ನನ್ನ ಮೇಜು. ಬ್ಯಾಳಿ ಆರಿಸೋರು ಒಂದೊಂದೇ ಕಾಳು ನೋಡಲ್ಲ, ತಾಟು ಒಂದ್ ಕಡೆ ವಾಲಿಸಿ ಬೆಳಕು ಹಾಯಿಸಿ ಕೆಟ್ಟಿದ್ದು ಹಿಡಿತಾರ. ಅದನ್ನ ನೋಡೇ ಹೊಳೀತು. ರಾತ್ರಿ ಲೈಟ್ ಆರಿಸಿ ಫೋನ್ ಟಾರ್ಚ್ ಮೇಜಿನ ಮ್ಯಾಲೇ ಮಲಗಿಸ್ತೀನಿ, ಬೆಳಕು ರೂಪಾಯಿ ಮ್ಯಾಲಿಂದ ಬೀಳಬಾರ್ದು, ಅಂಚಿಗಿ ಸವರಿಕೊಂಡು ಹೋಗಬೇಕು. ಆಮ್ಯಾಲ ರೂಪಾಯಿ ಗಡಿಯಾರದ ಮುಳ್ಳಿನಂಗ ಮೆಲ್ಲಕ ತಿರುಗಿಸ್ತೀನಿ, ಇನ್ನೊಂದು ಫೋನಿನಾಗ ವಿಡಿಯೋ. ಸವದು ಸಪಾಟ್ ಆದ ಬಾಗಿಲಾಗೂ ಒಂದು ತಿರುವಿನಾಗ ನೆರಳು ಟಣ್ ಅಂತ ಎದ್ದು ನಿಲ್ತದ, ಮತ್ತ ಹೋಗ್ತದ, ಕಣ್ಣು ಮಿಟುಕಿಸಿದ್ರ ಹೋಯ್ತು, ಅದಕ್ಕೇ ವಿಡಿಯೋ. ಗಿಡ್ಡದ್ದು, ಪೂರ್ತಿದು, ಮೀಮು ಮೂರರ ಒಂದೊಂದು ಗಟ್ಟಿ ಸ್ಯಾಂಪಲ್ ಬಾಜೂಕ ಇಟ್ಕೊಂಡೇ ತಾಳೆ ನೋಡ್ರಿ. ಯಾವ ತಿರುವಿನಾಗ ನಿಲ್ತದ, ಅಂಗಡ್ಯಾಗ ಹಗಲೊತ್ತಿನಾಗ ಎರಡೇ ನಿಮಿಷದಾಗ ಹ್ಯಾಂಗ್ ನೋಡ್ತೀನಿ, ಅದು ಮಾತ್ರ ಕೇಳಬ್ಯಾಡ್ರಿ.

ಇಲ್ಲೀತನಕ ನಾನೂರು ರೂಪಾಯಿ ನೋಡಿರಬೇಕು, ಗಿಡ್ಡ ಐನ್ 11 ಸಿಕ್ಕಾವ. ವಿಭೂತಿದು ಬಿಟ್ಟು ಹತ್ತು. ಮೂರು ಮಾರೀನಿ, ಸೇರಿ ಹದಿಮೂರು ಸಾವಿರದಷ್ಟು ಬಂತು, ತಗೊಂಡಿದ್ದು ಒಂದೊಂದು 700-750ಕ್ಕ. ಆರಿಸಿ ಉಳಿದಿದ್ದನ್ನ ಬೆಳ್ಳಿ ರೇಟಿಗಿ ಅದೇ ಅಂಗಡಿಗಿ ವಾಪಸ್ ಕೊಡ್ತೀನಿ, ಮೊದಲೇ ಮಾತಾಡ್ಕೊಂಡಿರ್ತೀನಿ, ಹಿಂಗಾಗಿ ರೊಕ್ಕ ಸಿಗಾಕೊಳ್ಳಲ್ಲ. ಅಂಗಡಿಯವ್ರು ಮೊದ್ಲ ಒಪ್ಪಲಿಲ್ಲ, ಆರು ತಿಂಗಳು ಚಹಾ ಕುಡಿಸಿದ ಮ್ಯಾಲ ಒಪ್ಪಿದ್ರು.

ನಡುವ ನಡುವ ಬ್ಯಾರೆ ಆಟನೂ ಆಡೀನಿ. ಬಹಮನಿ ತಾಮ್ರದ ಮ್ಯಾಲ ಇದೇ ಓರೆ ಬೆಳಕು ನಡಿಯಲ್ಲ, ಕರ್ರಗಿನ ತಾಮ್ರ ಬೆಳಕು ನುಂಗಿಬಿಡ್ತದ. ಅದಕ್ಕ ಪೌಡರ್ ಸವರಿ ಒರಸಿದ್ರ ಅಕ್ಷರದ ಸಂದಿಯಾಗ ಬೆಳ್ಳಗ ನಿಲ್ತದ, ಒಂದ್ರ ಮ್ಯಾಲ "ಅಹ್ಸನಾಬಾದ್" ಓದಿದ ದಿನ, ಅಂದ್ರ ನಮ್ಮ ಕಲಬುರಗಿನೇ, ನಾ ರಾತ್ರಿ ಒಂದು ಗಂಟೆಗಿ ಮನ್ಯಾಕಿನ ಎಬ್ಬಿಸಿ ತೋರಿಸೀನಿ, ಬೈಸಿಕೊಂಡೀನಿ. ಸನ್ನತಿ ಕಡಿಯಿಂದ ಒಬ್ಬ ತಮ್ಮ ಸೀಸದ ಬಿಲ್ಲಿ ತಂದಿದ್ದ, ಒಂದ್ ಕಡೆ ಆನಿ, ಇನ್ನೊಂದ್ ಕಡೆ ಅಡ್ಡಗೆರಿ-ಉದ್ದಗೆರಿ ತುದಿಗಿ ನಾಲ್ಕು ಉಂಗುರ, ಶಾತವಾಹನರ ಉಜ್ಜಯಿನಿ ಚಿಹ್ನಾ ಎದ್ದು ಕಾಣ್ತಿತ್ತು. ಕೈ ನಡುಗ್ತಿತ್ತು ನನಗ. ಆದ್ರ ಹೊಲದಾಗ ಸಿಕ್ಕಿದ್ದು ಅಂದ, ಮುಟ್ಟಿ ನೋಡಿ ವಾಪಸ್ ಕೊಟ್ಟು ತಹಸೀಲ್ದಾರ್ ಆಫೀಸಿಗಿ ಹೋಗಪಾ ಅಂದೆ, ನಿಧಿ ಕಾಯ್ದೆ ಅದ, ಅದ್ರಾಗ ಸಿಗಾಕೊಳ್ಳೋ ಆಸೆ ನನಗಿಲ್ಲ.

ಹೈದರಾಬಾದ್ ಟಂಕಸಾಲಿ ಗುರುತು ನಕ್ಷತ್ರ, ಮುಂಬೈದು ವಜ್ರ, ನೋಯಿಡಾದ್ದು ಬೊಟ್ಟು ಅಂತ ಬ್ಯಾಂಕಿನಿಂದ ಐದು ರೂಪಾಯಿ ಚೀಲ ತಂದು ಒಂದು ಬ್ಯಾಸಿಗಿ ಆರಿಸಿದೆ. ಏನೂ ಸಿಗಲಿಲ್ಲ, ಚೀಲ ಪಾನ್ ಅಂಗಡಿಗಿ ಚಿಲ್ಲರಿಯಾಗಿ ಹೋಯ್ತು.

ಸರಕ್ಕ ಪೋಣಿಸೋಕ ಕೊಂಡಿ ಬೆಸೆದ ರೂಪಾಯಿ ಕಲೆಕ್ಟರಿಗಿ ಬ್ಯಾಡ, ಅದಕ್ಕೇ ಅವು ಅಗ್ಗ. ಕೊಂಡಿ ಕಿತ್ತು ತಿಕ್ಕಿ ಮಾರೋರು ಅದಾರ, ಅಂಚಿನ ಹಲ್ಲು ನೋಡ್ರಿ, ಒಂದ್ ಕಡೆ ಹಲ್ಲು ಮಾಯ ಆಗಿರ್ತಾವ. ನಾ ನೋಡಿದ್ರಾಗ ಬಾಗಿಲ ಎಲ್ಲಕಿಂತ ಚೊಕ್ಕ ಇದ್ದ ಗಿಡ್ಡ ಐನ್ ಮಾತ್ರ ಕೊಂಡಿದೇ, ಚಿಂಚೋಳಿದಾಗ ನಮ್ಮ ಸೋದರತ್ತಿ ಕೊಳ್ಳಾಗಿನ ಸರದಾಗ ಅದ. ನಾಕು ಸಲ ಕೇಳೀನಿ. "ನಾ ಸತ್ತ ಮ್ಯಾಲ ನೋಡು" ಅಂತಾಳ, ಹೋದ ದೀಪಾವಳಿಗಿ ಹೋದಾಗ ವಿಭೂತಿಲೆ ತಿಕ್ಲತ್ತಿದ್ಳು.