ನಿಮ್ದು ಯಾವೂರು ಮೇಡಂ?

ಪಿಎಚ್‌ಡಿಗೆ ನಾನು ತಗೊಂಡ ವಿಷಯ ಬೆಂಗಳೂರಿನ ಯುವಜನರ ಅಸ್ಮಿತೆ, ಮೌಲ್ಯಗಳು ಮತ್ತು ನಗರ ಜೀವನ. ಅರ್ಜಿಯಲ್ಲಿ ಬರೆಯುವಾಗ ಬಹಳ ಚೆನ್ನಾಗಿ ಕಾಣಿಸಿತ್ತು. ವಾರದಲ್ಲಿ ನಾಲ್ಕು ದಿನ ಅತಿಥಿ ಉಪನ್ಯಾಸಕಿ ಕೆಲಸ, ಉಳಿದ ದಿನ ಫೀಲ್ಡ್‌ವರ್ಕ್ ಅಂತ ಲೆಕ್ಕ ಹಾಕಿಕೊಂಡು, 2024ರ ಸೆಪ್ಟೆಂಬರ್‌ನಲ್ಲಿ ಹನ್ನೆರಡು ಪುಟದ ಪ್ರಶ್ನಾವಳಿ ಹಿಡಿದು ವಿಜಯನಗರಕ್ಕೆ ಹೋದೆ.

ವಿಜಯನಗರ, ಚಂದ್ರಾ ಲೇಔಟ್ ಕಡೆ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರು ರಾಜ್ಯದ ಮೂಲೆಮೂಲೆಯಿಂದ ಬಂದು ಸೇರುತ್ತಾರೆ. ಕೋಚಿಂಗ್ ಸೆಂಟರ್, ಪಿಜಿ, ತಿಂಗಳ ಬಾಡಿಗೆಗೆ ಒಂದು ಕುರ್ಚಿ ಒಂದು ಲೈಟು ಕೊಡುವ ರೀಡಿಂಗ್ ರೂಮು. ಪ್ರಶ್ನಾವಳಿ ಹೇಗೆ ನಡೆಯುತ್ತೆ ನೋಡೋಣ ಅಂತ ಅಲ್ಲಿ ಮೊದಲು ಹತ್ತು ಜನಕ್ಕೆ ಹಂಚಿದೆ. ಬಾಗಲಕೋಟೆ ಕಡೆಯ ಹುಡುಗನೊಬ್ಬ ಎರಡು ಪುಟ ತಿರುವಿ ಹಾಕಿ ತಲೆ ಎತ್ತಿದ.

"ಮೇಡಮ್ಮರ, ಇದನ್ನೂ ಅವರೇ ಅನುವಾದ ಮಾಡ್ಯಾರೇನ್ರಿ?"

ಪಕ್ಕದಲ್ಲಿದ್ದವರೆಲ್ಲ ಹೋ ಅಂತ ನಕ್ಕರು. ಆಗಸ್ಟ್ 27ರಂದು ನಡೆದಿದ್ದ ಕೆಎಎಸ್ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿನಿಂದ ಕೆಟ್ಟದಾಗಿ ಅನುವಾದವಾದ ಕನ್ನಡ ಪ್ರಶ್ನೆಗಳು ಯಾರಿಗೂ ಅರ್ಥವಾಗದೆ ಗಲಾಟೆಯಾಗಿ, ಮರುಪರೀಕ್ಷೆ ಮಾಡ್ತೀವಿ ಅಂತ ಸರ್ಕಾರ ಹೇಳಿದ ಹೊಸತು. ನನ್ನ ಪ್ರಶ್ನಾವಳಿಯೂ ಇಂಗ್ಲಿಷಿನಿಂದ ಬಂದದ್ದೇ. ಅನುವಾದಕಿ ನಾನೇ. "ನನ್ನ ಸ್ವಯಂ-ಪರಿಕಲ್ಪನೆಯು ನಗರ ಪರಿಸರದಿಂದ ರೂಪಿತವಾಗಿದೆ" ಅಂತ ಒಂದು ವಾಕ್ಯ, ಎದುರಿಗೆ 'ಬಲವಾಗಿ ಒಪ್ಪುತ್ತೇನೆ'ಯಿಂದ 'ಬಲವಾಗಿ ಒಪ್ಪುವುದಿಲ್ಲ'ದ ತನಕ ಐದು ಖಾನೆ. 1932ರಲ್ಲಿ ಲಿಕರ್ಟ್ ಎಂಬಾತ ಕೊಟ್ಟುಹೋದ ಅಳತೆಗೋಲು ಅದು. ಹತ್ತರಲ್ಲಿ ಆರು ಜನ 'ಒಪ್ಪುತ್ತೇನೆ' ಖಾನೆಗೆ ಮೇಲಿಂದ ಕೆಳಗೆ ಒಂದೇ ಸಮ ಟಿಕ್ ಹಾಕಿ ವಾಪಸ್ ಕೊಟ್ಟರು. ಮೇಡಂಗೆ ಬೇಜಾರಾಗಬಾರದು ಅಲ್ವಾ!

ಪೀಣ್ಯದಲ್ಲಿ ಇನ್ನೊಂದು ಪಾಠ ಆಯಿತು. 'ಅಸ್ಮಿತೆ' ಕಷ್ಟ ಅಂತ 'ಗುರುತು' ಅಂತ ಬದಲಾಯಿಸಿಕೊಂಡಿದ್ದೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳನ್ನು "ನಿಮ್ಮ ಗುರುತು ಅಂದ್ರೆ ಏನು?" ಅಂತ ಕೇಳಿದೆ. ಅವಳು ಬ್ಯಾಗಿಗೆ ಕೈ ಹಾಕಿ ಆಧಾರ್ ಕಾರ್ಡ್ ತೆಗೆದು ಕೊಟ್ಟಳು. ತಪ್ಪೇನಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳು ಬಸ್ಸಲ್ಲಿ ಕಂಡಕ್ಟರ್‌ಗೆ ತೋರಿಸುವ ಗುರುತು ಅದೇ. 'ಮೌಲ್ಯ' ಅಂದಾಗ ಬಿ.ಕಾಂ. ಹುಡುಗನೊಬ್ಬ ಮೌಲ್ಯಮಾಪನದ ಬಗ್ಗೆ ತನಗಾದ ಅನ್ಯಾಯವನ್ನು ಹತ್ತು ನಿಮಿಷ ಹೇಳಿದ. 'ಸ್ವಾತಂತ್ರ್ಯ' ಅಂದರೆ ಆಗಸ್ಟ್ 15.

ಆದರೆ ಇವರೆಲ್ಲ ನನ್ನ ಒಂದು ಪ್ರಶ್ನೆಗೂ ಉತ್ತರಿಸುವ ಮುಂಚೆ ತಾವೇ ಒಂದು ಪ್ರಶ್ನೆ ಕೇಳುತ್ತಿದ್ದರು: "ನಿಮ್ದು ಯಾವೂರು ಮೇಡಂ?" ತಿಪಟೂರು ಅಂದ ತಕ್ಷಣ "ಓ, ಕೊಬ್ಬರಿ!" ಅನ್ನುತ್ತಿದ್ದರು. ಮುಖ ಸಡಿಲ ಆಗುತ್ತಿತ್ತು. ಕೆಲವರು ತಿಪಟೂರಲ್ಲಿ ಎಲ್ಲಿ, ಯಾರ ಮನೆ ಅಂತ ಮುಂದಕ್ಕೂ ಹೋಗುತ್ತಿದ್ದರು. ಆ ಎರಡನೇ ಪ್ರಶ್ನೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂರು ವಾರ ಆದಮೇಲೆ ನನಗೆ ಹೊಳೆಯಿತು. ನಾನು ಹನ್ನೆರಡು ಪುಟದಲ್ಲಿ ಕೇಳಲು ಒದ್ದಾಡುತ್ತಿದ್ದದ್ದನ್ನು ಇವರು ಒಂದೇ ಮಾತಲ್ಲಿ ಕೇಳಿ ಮುಗಿಸುತ್ತಿದ್ದಾರೆ. ಪ್ರಶ್ನಾವಳಿ ಬದಿಗಿಟ್ಟೆ. ಮಾತನ್ನು 'ಯಾವೂರು'ಯಿಂದ ಶುರು ಮಾಡಿದೆ. ಅದರ ಬೆನ್ನಿಗೆ, "ಇದೇ ಪ್ರಶ್ನೆ ಆಫೀಸಲ್ಲಿ ಕೇಳಿದ್ರೆ ಏನ್ ಹೇಳ್ತೀರಿ? ಮನೆ ಓನರ್ ಕೇಳಿದ್ರೆ? ಊರಿಗೆ ಹೋದಾಗ ಬಸ್‌ಸ್ಟ್ಯಾಂಡಲ್ಲಿ ಯಾರಾದ್ರೂ ಕೇಳಿದ್ರೆ?"

ಉತ್ತರಗಳು ಬೇರೆ ಬೇರೆ ಬಂದವು. ಲಗ್ಗೆರೆಯಲ್ಲೇ ಹುಟ್ಟಿ ಬೆಳೆದ ಹುಡುಗ ನನಗೆ "ಮಾಗಡಿ ಹತ್ರ" ಅಂದ. ಆ ಊರಿಗೆ ಅವನು ವರ್ಷಕ್ಕೊಂದು ಸಲ ಹಬ್ಬಕ್ಕೆ ಹೋದರೆ ಹೆಚ್ಚು. ಆಫೀಸಲ್ಲಿ ಉತ್ತರ ಭಾರತದವರು ಕೇಳಿದರೆ "ಪ್ರಾಪರ್ ಬೆಂಗಳೂರು" ಅನ್ನುತ್ತಾನಂತೆ. ಊರಲ್ಲಿ ಕೇಳಿದರೆ ಅಜ್ಜನ ಹೆಸರು ಹೇಳಿ ಅವರ ಮೊಮ್ಮಗ ಅನ್ನುತ್ತಾನೆ. ಮೂರರಲ್ಲಿ ಯಾವುದೂ ಸುಳ್ಳಲ್ಲ. ಇದನ್ನು ಐದು ಖಾನೆಯ ಅಳತೆಗೋಲಲ್ಲಿ ಎಲ್ಲಿ ಟಿಕ್ ಹಾಕಿಸಲಿ?

ಯಾರನ್ನು ಯುವಜನ ಅನ್ನಬೇಕು ಅನ್ನುವುದರಲ್ಲೂ ತಕರಾರಿತ್ತು. ಕೇಂದ್ರದ 2014ರ ಯುವ ನೀತಿ 15ರಿಂದ 29 ವರ್ಷ ಅನ್ನುತ್ತದೆ. ಅದಕ್ಕೂ ಹಿಂದಿನ 2003ರ ನೀತಿಯಲ್ಲಿ 13ರಿಂದ 35. ನಾನು 18ರಿಂದ 27 ಅಂತ ಇಟ್ಟುಕೊಂಡೆ. ಪೀಣ್ಯದಲ್ಲಿ 24ರ ಹೆಣ್ಣುಮಗಳೊಬ್ಬಳು, ಎರಡನೇ ಕ್ಲಾಸಿನ ಮಗು ಇರುವವಳು, ನಕ್ಕುಬಿಟ್ಟಳು: "ನಾನೆಲ್ಲಿ ಯೂತು ಮೇಡಂ, ನನ್ ಕತೆ ಮುಗೀತು." ಮಾರತ್‌ಹಳ್ಳಿ ಪಿಜಿಯಲ್ಲಿ 27ರ ಸಾಫ್ಟ್‌ವೇರ್ ಹುಡುಗನಿಗೆ ಅಮ್ಮ ಇನ್ನೂ "ಮಗು ಊಟ ಆಯ್ತಾ" ಅಂತ ಫೋನ್ ಮಾಡುತ್ತಾರೆ. ವಯಸ್ಸು ಸುಮ್ನೆ ಒಂದು ಸಂಖ್ಯೆ ಅಷ್ಟೆ. ಮದುವೆ, ಸಾಲ, ಸಂಬಳ ಇವೇ ಯಾರು ಎಷ್ಟು ದಿನ ಯೂತು ಅಂತ ಹೇಳುತ್ತವೆ.

ಜಾಗ ಮೂರು ಆಯ್ಕೆ ಮಾಡಿದ್ದೆ. ವಿಜಯನಗರ, ಪೀಣ್ಯ-ಲಗ್ಗೆರೆ, ಮಾರತ್‌ಹಳ್ಳಿ-ಬೆಳ್ಳಂದೂರು ಪಿಜಿಗಳು. ಒಟ್ಟು 40 ಜನ. ಒಬ್ಬರಿಂದ ಇನ್ನೊಬ್ಬರನ್ನು ಹಿಡಿಯುವ ಸ್ನೋಬಾಲ್ ಪದ್ಧತಿ. ಇದರಲ್ಲಿ ಒಂದು ಅಪಾಯ ಇದೆ, ನಾನೂ ಬಿದ್ದೆ. ಪೀಣ್ಯದಲ್ಲಿ ಮೊದಲ ಐದು ಜನ ಒಂದೇ ಹೋಬಳಿಯವರು, ಅದರಲ್ಲಿ ಮೂವರು ಸಂಬಂಧಿಕರು! ಬೆಂಗಳೂರಲ್ಲಿ ಜನ ಕೆಲಸ ಹುಡುಕುವುದೇ ಹಾಗೆ. ಮೊದಲು ಬಂದವರು ಆಮೇಲಿನವರನ್ನು ಕರೆಸಿಕೊಳ್ಳುತ್ತಾರೆ. ನನ್ನ ಸ್ಯಾಂಪಲ್ ಕೂಡ ಅದೇ ದಾರಿಯಲ್ಲಿ ಉರುಳುತ್ತಿತ್ತು. ಆಮೇಲೆ ಪ್ರತಿ ಜಾಗದಲ್ಲೂ ಸಂಬಂಧ ಇಲ್ಲದ ಮೂರು ನಾಲ್ಕು ಕಡೆಯಿಂದ ಶುರು ಮಾಡಿದೆ. ಒಂದು ಟೈಲರಿಂಗ್ ಅಂಗಡಿ, ಒಂದು ಜಿಮ್ಮು, ಒಂದು ಜೆರಾಕ್ಸ್ ಅಂಗಡಿ. ಜೆರಾಕ್ಸ್ ಅಂಗಡಿಯವರಿಗೆ ಗೊತ್ತಿಲ್ಲದ ವಿದ್ಯಾರ್ಥಿ ಇರುವುದಿಲ್ಲ.

ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ ಪೀಣ್ಯದಲ್ಲಿ ನಡೆಯಲಿಲ್ಲ. ಸಹಿ ಅಂದರೆ ಅವರಿಗೆ ಸಂಘದ ಸಾಲ. "ಯಾವುದಕ್ಕೂ ಸೈನ್ ಹಾಕ್ಬೇಡ ಅಂದಿದಾರೆ ನಮ್ಮನೆಯವರು" ಅಂತ ಒಬ್ಬಳು ಎದ್ದೇ ಹೋದಳು. ಬಾಯಿಮಾತಿನ ಒಪ್ಪಿಗೆಯನ್ನು ರೆಕಾರ್ಡ್ ಮಾಡಿಕೊಳ್ಳಲು ಗೈಡ್ ಸರ್ ಹತ್ತಿರ ಅನುಮತಿ ತಗೊಂಡೆ.

ಸಂದರ್ಶನದ ಜಾಗದ ಬಗ್ಗೆಯೂ ಹೇಳಬೇಕು. ದರ್ಶಿನಿಯಲ್ಲಿ ಬೈಟು ಕಾಫಿ ಕುಡಿಯುತ್ತಾ ಮಾತಾಡುವುದು ಕೇಳಲು ಚೆಂದ. ಆದರೆ ರೆಕಾರ್ಡಿಂಗ್‌ನಲ್ಲಿ ಕೇಳುವುದು ಬರೀ ಲೋಟದ ಸದ್ದು, "ಎರಡು ಮಸಾಲೆ!" ಅನ್ನುವ ಕೂಗು. ಗಾರ್ಮೆಂಟ್ಸ್ ಹುಡುಗಿಯರಿಗೆ ಬಿಡುವು ಅಂದರೆ ಭಾನುವಾರ, ಅದು ಬಟ್ಟೆ ಒಗೆಯುವ ದಿನ. ಹಾಗಾಗಿ ನನ್ನ ಒಳ್ಳೆಯ ಸಂದರ್ಶನಗಳೆಲ್ಲ ಲಗ್ಗೆರೆಯ ತಾರಸಿ ಮೇಲೆ, ಒದ್ದೆ ಸೀರೆಯ ಇನ್ನೊಂದು ತುದಿ ಹಿಡಿದು ಹಿಂಡುತ್ತಾ ಆದವು. ಕೈಗೆ ಕೆಲಸ ಇದ್ದಾಗ ಬಾಯಿ ಬೇಗ ಬಿಡುತ್ತದೆ. 'ಮೇಡಂ' ಹೋಗಿ 'ಅಕ್ಕ' ಬಂದ ಗಳಿಗೆಯನ್ನು ನಾನು ಟಿಪ್ಪಣಿಯಲ್ಲಿ ಗುರುತು ಮಾಡಿಕೊಳ್ಳುತ್ತಿದ್ದೆ. ಅದರ ಮುಂಚಿನ ಮಾತಿಗೂ ನಂತರದ ಮಾತಿಗೂ ಬಹಳ ವ್ಯತ್ಯಾಸ.

ಈಗ ಮೌಲ್ಯಗಳ ವಿಷಯ. "ಜಾತಿ ಮುಖ್ಯವೇ?" ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ನಮ್ಮ ಪಾಠಗಳಲ್ಲಿ ಒಂದು ಹಳೇ ಕತೆ ಬರುತ್ತದೆ. ಅಮೆರಿಕದ ಲಾಪಿಯರ್ ಎಂಬ ಸಮಾಜಶಾಸ್ತ್ರಜ್ಞ ಒಂದು ಚೀನೀ ಜೋಡಿಯ ಜೊತೆ ಕಾರಿನಲ್ಲಿ ದೇಶ ಸುತ್ತಿದ. ಚೀನೀಯರನ್ನು ಕಂಡರೆ ಆಗದ ಕಾಲ ಅದು. 251 ಹೋಟೆಲು, ಲಾಡ್ಜುಗಳಲ್ಲಿ ಜಾಗ ಇಲ್ಲ ಅಂದದ್ದು ಒಂದೇ ಒಂದು. ಆರು ತಿಂಗಳಾದ ಮೇಲೆ ಅದೇ ಜಾಗಗಳಿಗೆ "ಚೀನೀಯರನ್ನು ಸೇರಿಸುತ್ತೀರಾ?" ಅಂತ ಕಾಗದ ಬರೆದ. ಉತ್ತರಿಸಿದವರಲ್ಲಿ 100ಕ್ಕೆ 90ಕ್ಕಿಂತ ಜಾಸ್ತಿ ಜನ ಇಲ್ಲ ಅಂದರು. 1934ರಲ್ಲಿ ಇದನ್ನು ಪ್ರಕಟಿಸಿದ. ನಮ್ಮಲ್ಲಿ ಉಲ್ಟಾ. ಕಾಗದದ ಮೇಲೆ ಎಲ್ಲರಿಗೂ ಸ್ವಾಗತ, ಬಾಗಿಲ ಹತ್ತಿರ ಕತೆಯೇ ಬೇರೆ. ಕಲಬುರಗಿಯ ಹುಡುಗ ರೂಮು ಹುಡುಕಿದ ಅನುಭವ ಹೇಳುತ್ತಾ ಒಂದು ಮಾತಂದ: "ಇಲ್ಲಿ ಜಾತಿ ಯಾರೂ ಕೇಳಂಗಿಲ್ರಿ ಅಕ್ಕಾ. ವೆಜ್ಜೋ ನಾನ್‌ವೆಜ್ಜೋ ಅಂತ ಕೇಳ್ತಾರ." ಆ ದಿನ ಮನೆಗೆ ಬಂದು ಆ ಒಂದು ಸಾಲನ್ನೇ ನಾಲ್ಕು ಸಲ ಕೇಳಿದೆ.

ಆಮೇಲಿಂದ ಅಭಿಪ್ರಾಯ ಕೇಳುವುದನ್ನು ಬಿಟ್ಟೆ, ನಡೆದದ್ದನ್ನು ಕೇಳಿದೆ. ಕಳೆದ ಭಾನುವಾರ ಎದ್ದಾಗಿನಿಂದ ಮಲಗೋ ತನಕ ಹೇಳಿ. ಮನೇಲಿ ಕೊನೇ ಜಗಳ ಯಾವುದಕ್ಕೆ ಆಯ್ತು? ವಾಟ್ಸ್ಆ್ಯಪ್ ಸ್ಟೇಟಸ್ ಯಾರಿಗೆ ಕಾಣದ ಹಾಗೆ ಇಟ್ಟಿದ್ದೀರಿ? ಶಿವಮೊಗ್ಗದ ಹುಡುಗಿಯ ಪಟ್ಟಿಯಲ್ಲಿ ಇಬ್ಬರು ಚಿಕ್ಕಪ್ಪಂದಿರು, ಒಬ್ಬ ಮ್ಯಾನೇಜರ್, ಪಿಜಿ ಆಂಟಿ ಇದ್ದರು. ಅಪ್ಪ ಇರಲಿಲ್ಲ. "ಅಪ್ಪಂಗೆ ಎಲ್ಲಾ ಗೊತ್ತು. ಚಿಕ್ಕಪ್ಪಂಗೆ ಗೊತ್ತಾದ್ರೆ ಅಪ್ಪಂಗೆ ಕಷ್ಟ" ಅಂದಳು. ಒಂದು ಕುಟುಂಬದ ಒಳಗಿನ ಗೆರೆಗಳೆಲ್ಲ ಆ ಪಟ್ಟಿಯಲ್ಲಿದ್ದವು.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಫೋನ್‌ಪೇ. ಸಂಬಳ ಬಂದ ಮೊದಲ ಮೂರು ದಿನದ ಪಾವತಿಗಳನ್ನು ಅವರೇ ಓದಿ ಹೇಳಬೇಕು, ನಾನು ಪರದೆ ನೋಡುವುದಿಲ್ಲ, ಬೇಡದ್ದನ್ನು ಬಿಡಬಹುದು. ಹಣ ಮೊದಲು ಅಮ್ಮನಿಗೆ ಹೋಗುತ್ತಾ, ತಮ್ಮನ ಫೀಸಿಗಾ, ಇಎಂಐಗಾ, ಶೂಗಾ? ಕುಟುಂಬವೇ ಮುಖ್ಯ ಅಂದವನ ಪಟ್ಟಿಯಲ್ಲಿ ಮನೆ ಏಳನೇ ಸಾಲಿಗೆ ಬಂತು. ತನಗೇ ನಗು ಬಂದು "ಅಕ್ಕ, ಇದನ್ನ ಬರೀಬೇಡಿ" ಅಂದ. ಈಗ ಬರೆಯಬಹುದು ಅಂತ ಆಮೇಲೆ ಅವನೇ ಹೇಳಿದ.

ರೆಕಾರ್ಡಿಂಗ್ ಬರೆದು ಇಳಿಸುವುದೇ ಒಂದು ದೊಡ್ಡ ಶಿಕ್ಷೆ. ಒಂದು ಗಂಟೆ ಮಾತಿಗೆ ಐದಾರು ಗಂಟೆ. ಕನ್ನಡ, ಇಂಗ್ಲಿಷು, ಬಾಗಲಕೋಟೆ ಎಲ್ಲ ಬೆರೆತರೆ ಯಾವ ಸಾಫ್ಟ್‌ವೇರೂ ಕೈ ಹಿಡಿಯಲಿಲ್ಲ. ಪ್ರಿಂಟ್ ತೆಗೆದು ಬಣ್ಣದ ಪೆನ್ನಲ್ಲಿ ಗೆರೆ ಎಳೆದೆ. 'ಮೌಲ್ಯ' ಅನ್ನುವ ಪದ ಯಾರ ಬಾಯಲ್ಲೂ ತಾನಾಗಿ ಬಂದಿರಲಿಲ್ಲ. 'ಮರ್ಯಾದೆ' ಮಾತ್ರ ಎಲ್ಲ ಕಡೆ ಇತ್ತು. ಪೀಣ್ಯದ ಹುಡುಗಿಯರಿಗೆ ಮರ್ಯಾದೆ ಅಂದರೆ ಸೂಪರ್‌ವೈಸರ್ 'ಹೋಗೆ ಬಾರೆ' ಅನ್ನದೆ ಇರುವುದು. ಹೊಸ ಕಡೆ ಐನೂರು ಕಮ್ಮಿ ಕೊಟ್ಟರೂ ಪರವಾಗಿಲ್ಲ ಅಂತ ಕೆಲಸ ಬದಲಾಯಿಸಿದವಳೂ ಇದ್ದಳು. ವಿಜಯನಗರದ ಹುಡುಗರಿಗೆ ಮರ್ಯಾದೆ ಅಂದರೆ ಊರಿನ ಜಾತ್ರೆ. ನಾಲ್ಕು ವರ್ಷದಿಂದ ಜಾತ್ರೆಗೆ ಹೋಗದವನಿದ್ದ. ಯಾಕೆ ಅಂದರೆ "ಏನಾತಪಾ ನೌಕರಿ?" ಅಂತ ಕೇಳುತ್ತಾರೆ. ಬೆಳ್ಳಂದೂರಿನವರಿಗೆ ಈ ಪದ ಅಪ್ಪ-ಅಮ್ಮನ ಮಾತು ಹೇಳುವಾಗ ಮಾತ್ರ ಬರುತ್ತಿತ್ತು, ತಮ್ಮ ಬಗ್ಗೆ ಹೇಳುವಾಗ 'ರೆಸ್ಪೆಕ್ಟ್' ಅನ್ನುತ್ತಿದ್ದರು. ಎರಡೂ ಒಂದೇನಾ ಅಂತ ಕೇಳಿದೆ. "ಅಲ್ಲ. ರೆಸ್ಪೆಕ್ಟ್ ನಂದು, ಮರ್ಯಾದೆ ಮನೇದು" ಅಂದಳು ಅದೇ ಶಿವಮೊಗ್ಗದ ಹುಡುಗಿ. ನನ್ನ ನಾಲ್ಕನೇ ಅಧ್ಯಾಯ ಪೂರ್ತಿ ಆ ಸಾಲಿನ ಮೇಲೆ ನಿಂತಿದೆ.

ಒಂದು ಸಲ ಫೋನಿನಲ್ಲಿ ಜಾಗ ತುಂಬಿ ಎರಡು ಗಂಟೆಯ ಮಾತು ರೆಕಾರ್ಡ್ ಆಗಿಯೇ ಇರಲಿಲ್ಲ. ಜಾಲಹಳ್ಳಿ ಕ್ರಾಸ್ ಬಸ್‌ಸ್ಟಾಪಲ್ಲಿ ಕೂತು ನೆನಪಿದ್ದಷ್ಟು ಬರೆದೆ. ಆಗ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ನೆನಪಾದರು. ಮೈಸೂರು ಹತ್ತಿರದ ಹಳ್ಳಿಯಲ್ಲಿ 1948ರಲ್ಲಿ ಮಾಡಿದ ಕ್ಷೇತ್ರಕಾರ್ಯದ ಮೇಲೆ ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸುಟ್ಟುಹೋದವು. ಅವರು ನೆನಪಿನಿಂದಲೇ ಪುಸ್ತಕ ಬರೆದರು. ನನ್ನದು ಬರೀ ಎರಡು ಗಂಟೆ, ಆದರೂ ಅಳು ಬಂತು. ಅವತ್ತಿಂದ ಎರಡು ಫೋನಿನಲ್ಲಿ ರೆಕಾರ್ಡ್ ಮಾಡುತ್ತೇನೆ.

ನನ್ನ ಕೆಲಸದ ದೊಡ್ಡ ಕೊರತೆ ಬೇರೆ ಇದೆ. ನಾನು ಮಾತಾಡಿಸಿದ್ದು ಕನ್ನಡದವರನ್ನು ಮಾತ್ರ. 2011ರ ಜನಗಣತಿ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮನೆಮಾತಾಗಿರುವವರು ಅರ್ಧಕ್ಕಿಂತ ಕಡಿಮೆ. ಡೆಲಿವರಿ ಬ್ಯಾಗ್ ಹಾಕಿಕೊಂಡು ಹೋಟೆಲ್ ಮುಂದೆ ಕಾಯುವ ಅಸ್ಸಾಂ, ಒಡಿಶಾ ಹುಡುಗರು ನನ್ನ ಪ್ರಬಂಧದಲ್ಲಿ ಇಲ್ಲವೇ ಇಲ್ಲ. ಅವರ ಭಾಷೆ ನನಗೆ ಬರುವುದಿಲ್ಲ, ದುಭಾಷಿಗೆ ಕೊಡಲು ದುಡ್ಡಿರಲಿಲ್ಲ. ಹಾಗಾಗಿ ಶೀರ್ಷಿಕೆಯಲ್ಲಿ 'ಕನ್ನಡ ಮಾತಾಡುವ ಯುವಜನ' ಅಂತ ಸೇರಿಸಿದೆ. ಸರ್‌ಗೆ ಶೀರ್ಷಿಕೆ ಉದ್ದವಾಯಿತು ಅಂತ ಅಸಮಾಧಾನ. ನಾನು ಬಿಡಲಿಲ್ಲ.

ಕೊನೆಗೆ ಬರೆದದ್ದನ್ನು ತಗೊಂಡು ಹೋಗಿ ಒಬ್ಬೊಬ್ಬರಿಗೂ ಓದಿ ಹೇಳಿದೆ. ಹೆಸರು ಬದಲಾಯಿಸಬೇಕು, ನೀವೇ ಒಂದು ಹೆಸರು ಆರಿಸಿ ಅಂದೆ. ಹುಡುಗರು ಹೀರೋಗಳ ಹೆಸರು ಹೇಳಿದರು. ಲಗ್ಗೆರೆಯ ತಾರಸಿಯ ಹುಡುಗಿ, ಅವತ್ತು ಆಧಾರ್ ಕೊಟ್ಟವಳು, ಮುನಿಸಿಕೊಂಡಳು. "ಇಷ್ಟೆಲ್ಲಾ ಮಾತಾಡಿದ್ದು ನಾನು, ಹೆಸರು ಮಾತ್ರ ಬೇರೆಯವಳದ್ದಾ ಅಕ್ಕ?" ನಿಯಮ ಹಾಗಿದೆ, ನಿನ್ನ ಒಳ್ಳೇದಕ್ಕೇ ಅಂತ ಏನೇನೋ ಹೇಳಿದೆ. ಅವಳಿಗೆ ಒಪ್ಪಿಗೆ ಆಗಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಆಗಿಲ್ಲ. ಬಕೆಟ್ಟಿನ ನೀರು ಚೆಲ್ಲಿ, ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು:

"ಹಂಗಾದ್ರೆ ನಮ್ಮಜ್ಜಿ ಹೆಸ್ರು ಹಾಕಿ. ಪಾಪ, ಅವ್ಳು ಬೆಂಗ್ಳೂರು ನೋಡೇ ಇಲ್ಲ."